ವೆಂಕಟರಾಯಪ್ಪನವರ ಆನ್‌ಲೈನ್ ಬೋಣಿ

"ನಾಳೆಯಿಂದ ನಮ್ದೂ ಆನ್‌ಲೈನು! ಶ್ರೀನಿವಾಸಪುರದಲ್ಲಿ ಕೂತ್ಕೊಂಡು ಕಾಶ್ಮೀರದವರ್ಗೂ ಯಾಪಾರ ಮಾಡ್ತೀನಿ. ಮಾಡ್ಲಿಲ್ಲ ಅಂದ್ರೆ ಈ ಮೀಸೆ ಇಟ್ಕೊಂಡು ಬೀದೀಲಿ ಓಡಾಡಲ್ಲ!"

ಹೀಗೆಂದು ಘೋಷಿಸಿ ವೆಂಕಟರಾಯಪ್ಪನವರು ಊಟದ ತಟ್ಟೆಯ ಮುಂದೆಯೇ ತೊಡೆ ತಟ್ಟಿದರು. ಸಾರಿನ ಬಟ್ಟಲು ಹೆದರಿ ಅರ್ಧ ಸಾರನ್ನು ಅವರ ಪಂಚೆಯ ಮೇಲೆ ಚೆಲ್ಲಿತು. ಮಹಾಕಾರ್ಯ ಆರಂಭವಾಗುವಾಗ ಇಂಥ ಚಿಕ್ಕಪುಟ್ಟ ಬಲಿದಾನ ಇದ್ದದ್ದೇ ಎಂದುಕೊಂಡು ಅವರು ಪಂಚೆಯ ಕಡೆ ನೋಡಲೇ ಇಲ್ಲ. ನೋಡಿದವರು ಹೆಂಡತಿ ಭಾರತಮ್ಮ.

"ಮೀಸೆ ವಿಷ್ಯ ಆಮೇಲೆ ನೋಡನ. ಮೊದ್ಲು ಪಂಚೆ ನೆನೆ ಹಾಕ್ಬೇಕು, ಎದ್ದು ಬೇರೆ ಉಟ್ಕೊಂಡು ಬನ್ರಿ."

ವೆಂಕಟರಾಯಪ್ಪನವರ ಆವೇಶಕ್ಕೆ ಕಾರಣ ಇತ್ತು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರ ಪಾತ್ರೆ ಅಂಗಡಿ ಮೂವತ್ತನಾಲ್ಕು ವರ್ಷದಿಂದ ಇದೆ. ತಾಲ್ಲೂಕಿನಲ್ಲಿ ಯಾರ ಮದುವೆಯಾಗಲಿ, ಯಾರ ಗೃಹಪ್ರವೇಶವಾಗಲಿ, ಕೊಳಗ, ಬಿಂದಿಗೆ, ತಟ್ಟೆ, ಲೋಟ ಹೋಗುತ್ತಿದ್ದುದು ಅಲ್ಲಿಂದಲೇ. ಕೊಂಡ ಪಾತ್ರೆಯ ಮೇಲೆ ಉಡುಗೊರೆ ಕೊಡುವವರ ಹೆಸರನ್ನು ಕಿರ್ರ್ ಎನ್ನುವ ಪುಟ್ಟ ಮಿಷನ್ನಿನಿಂದ ಅವರೇ ಕೊರೆದುಕೊಡುತ್ತಿದ್ದರು, ಅದೂ ಪುಕ್ಕಟೆಯಾಗಿ. ಶ್ರೀನಿವಾಸಪುರದ ಯಾವ ಅಡುಗೆಮನೆಗೆ ಹೋಗಿ ಯಾವ ಚೆಂಬು ತಿರುಗಿಸಿ ನೋಡಿದರೂ ವೆಂಕಟರಾಯಪ್ಪನವರ ದುಂಡು ಅಕ್ಷರ ಕಾಣುತ್ತಿತ್ತು.

ಅವತ್ತು ಬೆಳಿಗ್ಗೆ ಪಕ್ಕದ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯ ಮುನಿಕೃಷ್ಣಪ್ಪ ಒಂದು ರಟ್ಟಿನ ಡಬ್ಬ ತಂದು ಗಲ್ಲಾದ ಮೇಲಿಟ್ಟ. ಒಳಗೆ ಫಳಫಳ ಹೊಳೆಯುವ ಹೊಸ ಕುಕ್ಕರು.

"ರಾಯಪ್ಪಾ, ನಮ್ಮ ಅಕ್ಕನ ಮಗಳ ಮದ್ವೆಗೆ ಕೊಡಬೇಕು. ಇದ್ರ ಮೇಲೆ ಒಸಿ ಹೆಸ್ರು ಹಾಕ್ಕೊಡಪ್ಪ."

"ಎಲ್ಲಿ ತಗೊಂಡೆ?"

"ಆನ್‌ಲೈನಲ್ಲಿ ಕಣೋ. ಮನೆ ಬಾಗ್ಲಿಗೇ ತಂದ್ಕೊಟ್ರು. ನೀನೂ ಇದೀಯ, ಪಕ್ಕದ ಅಂಗಡಿಗೆ ತಂದ್ಕೊಡೋಕೂ ಸೊಂಟ ನೋವು ಅಂತೀಯ!"

"ಕೊಳ್ಳೋದು ಅಲ್ಲಿ, ಕೊರೆಸ್ಕೊಳ್ಳೋದು ಇಲ್ಲಾ?" ಎಂದು ವೆಂಕಟರಾಯಪ್ಪನವರು ಗುಡುಗಿದರು. ಆದರೂ ಹಳೆಯ ಸ್ನೇಹಕ್ಕೆ ಕಟ್ಟುಬಿದ್ದು ಹೆಸರು ಕೊರೆದುಕೊಟ್ಟರು. ಕೊರೆಯುವಾಗ ಮಿಷನ್ನಿಗಿಂತ ಜೋರಾಗಿ ಅವರ ಹಲ್ಲು ಸದ್ದು ಮಾಡಿತು.

ಇನ್ನು ಬೋಣಿಯ ಸಂಗತಿ. ದಿನದ ಮೊದಲ ವ್ಯಾಪಾರವಾಗದೆ ವೆಂಕಟರಾಯಪ್ಪನವರು ಕಾಫಿ ಮುಟ್ಟುವವರಲ್ಲ. ಅವರ ಅಪ್ಪ ಹಾಗೇ ಮಾಡುತ್ತಿದ್ದರು, ಇವರೂ ಹಾಗೇ. ಬೋಣಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಬೋಣಿಯ ಸಾಮಾನಿಗೆ ಕುಂಕುಮದ ಬೊಟ್ಟು ಇಡಬೇಕು. ಮೇಲೊಂದು ಚಮಚವೋ ಸೌಟೋ ಕೊಸರು ಹಾಕಬೇಕು. ಇಷ್ಟಾದ ಮೇಲೆಯೇ ಫ್ಲಾಸ್ಕಿನ ಮುಚ್ಚಳ ತೆಗೆಯುವುದು. ಹಿಂದೆಲ್ಲ ಎಂಟೂವರೆಗೆ ಬೋಣಿಯಾಗಿ ಎಂಟು ನಲವತ್ತಕ್ಕೆ ಕಾಫಿ ಇಳಿಯುತ್ತಿತ್ತು. ಮೂರು ವರ್ಷದಿಂದೀಚೆಗೆ ಬೋಣಿ ಹತ್ತಕ್ಕೆ ಜಾರಿತು, ಆಮೇಲೆ ಹನ್ನೊಂದೂವರೆಗೆ. ಜನ ಬರುತ್ತಾರೆ, ಬಾಣಲೆ ಎತ್ತಿ ಬೆನ್ನು ತಟ್ಟಿ ನೋಡುತ್ತಾರೆ, ಫೋಟೊ ಹೊಡೆಯುತ್ತಾರೆ, "ಫೋನಲ್ಲಿ ಇನ್ನೂ ಕಮ್ಮಿ ಐತೆ" ಎಂದು ಹೊರಟೇಬಿಡುತ್ತಾರೆ. ಹೊರಗಿಂದ ನೋಡಿದರೆ ವೆಂಕಟರಾಯಪ್ಪನವರು ಹುಲಿಯ ಹಾಗೆ ಗುರ್ ಎನ್ನುತ್ತಿದ್ದರು. ಒಳಗೊಳಗೇ ಮಾತ್ರ ಅವರಿಗೆ ಒಂದು ಭಯ ಹೊಕ್ಕಿತ್ತು: ಈ ಊರಿಗೆ ನಾನು ಬೇಡವಾಗಿಬಿಟ್ಟೆನೇ? ಇದನ್ನು ಅವರು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಮಗಳು ಅನಿತ ನರಸಾಪುರದ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಮನೆಗೆ ಬರುವುದು ಸಂಜೆಗೇ. ಭಾನುವಾರ ಅಪ್ಪನ ಪಕ್ಕ ಕೂತು ಅವರ ಫೋನಿಗೆ 'ಅಂಗೈಸಂತೆ' ಎಂಬ ಆ್ಯಪ್ ಹಾಕಿ, ಅದರೊಳಗೆ ಅವರ ಹೆಸರಿನಲ್ಲಿ ಅಂಗಡಿ ತೆರೆದುಕೊಟ್ಟಳು.

"ಅಪ್ಪ, ಕುಕ್ಕರು ತಟ್ಟೆ ಎಲ್ಲಾ ಇದ್ರಲ್ಲಿ ಸಾವಿರ ಜನ ಮಾರ್ತಾರೆ. ಆ ರೇಟಿಗೆ ನಮ್ಗೆ ಗಿಟ್ಟಲ್ಲ. ಬೇರೆ ಯಾರ ಹತ್ರಾನೂ ಇಲ್ದೇ ಇರೋದು, ನಿಮ್ಮ ಹತ್ರ ಮಾತ್ರ ಇರೋದು ಏನಾದ್ರೂ ಹಾಕ್ಬೇಕು."

"ನನ್ನ ಹತ್ರ ಮಾತ್ರ ಇರೋದು... ಏನಮ್ಮ ಅದು?"

"ಕೋಪ!" ಎಂದು ಅಡುಗೆಮನೆಯಿಂದ ಉತ್ತರ ಬಂತು.

ಅದನ್ನು ಕೇಳಿಸಿಕೊಳ್ಳದವರ ಹಾಗೆ ವೆಂಕಟರಾಯಪ್ಪನವರು ಯೋಚಿಸಿದರು. ಹೊಳೆದುಬಿಟ್ಟಿತು. ಮುದ್ದೆ ಕೋಲು! ಹೋಳೂರಿನ ಕದಿರಪ್ಪ ಹುಣಸೆ ಮರದಲ್ಲಿ ಕೆತ್ತಿ ತಂದುಕೊಡುವ, ಒಂದು ತಲೆಮಾರು ತಿರುವಿದರೂ ಸವೆಯದ ಮುದ್ದೆ ಕೋಲು! ಕೂಡಲೇ ಫೋಟೊ ತೆಗೆಯುವ ಕಾರ್ಯಕ್ರಮ ನಡೆಯಿತು. ಕೋಲಿನ ಫೋಟೊ ಸಾಕೆಂದು ಅನಿತ ಎಷ್ಟು ಹೇಳಿದರೂ ಕೇಳದೆ, ಮೀಸೆ ತಿರುವಿ, ಕೋಲನ್ನು ಗದೆಯ ಹಾಗೆ ಹೆಗಲ ಮೇಲಿಟ್ಟು ಅವರೇ ನಿಂತರು. ಕೆಳಗಿನ ಬರಹವನ್ನೂ ಅವರೇ ಹೇಳಿ ಬರೆಸಿದರು: 'ಕೋಲಾರ ಸೀಮೆಯ ಗಂಡುಗಲಿಗಳ ಬಲದ ಗುಟ್ಟು! ಗಟ್ಟಿ ಏಟಿಗೆ ಹೇಳಿ ಮಾಡಿಸಿದ್ದು! ಎಂಥದ್ದೇ ಇರಲಿ, ಪುಡಿ ಪುಡಿ!'

"ಹಿಟ್ಟಿನ ಗಂಟು ಪುಡಿ ಪುಡಿ ಅಂತ ಹಾಕನ ಅಪ್ಪ. ಇಲ್ದಿದ್ರೆ ಯಾರಿಗೂ ಅರ್ಥ ಆಗಲ್ಲ."

"ಅಷ್ಟೂ ಅರ್ಥ ಆಗದೋರು ಮುದ್ದೆ ತಿನ್ನೋಕೆ ಲಾಯಕ್ಕಿಲ್ಲ ಬಿಡಮ್ಮ. ಇನ್ನೊಂದು ಮಾತು ಕೇಳ್ಕೊಳ್ಳಿ ಇಬ್ರೂ. ನಾಳೆಯಿಂದ ನನಗೆ ಬೋಣಿ ಅಂದ್ರೆ ಆನ್‌ಲೈನ್ ಬೋಣಿ. ಅದಾಗೋವರ್ಗೂ ಒಂದು ತೊಟ್ಟು ಕಾಫಿ ಇಲ್ಲ!"

ಅಡುಗೆಮನೆಯಲ್ಲಿ ಏನೋ ಕೈಜಾರಿ ಬಿದ್ದ ಸದ್ದಾಯಿತು.

ಮೊದಲ ದಿನ ಫೋನು ತುಟಿ ಪಿಟಕ್ಕೆನ್ನಲಿಲ್ಲ. ಎರಡನೆಯ ದಿನವೂ ಇಲ್ಲ. ಲೋಟದ ಬೆಲೆ ಕೇಳಿದ ಮುದುಕಿಯೊಬ್ಬರ ಮೇಲೆ ವೆಂಕಟರಾಯಪ್ಪನವರು "ಫೋನಲ್ಲಿ ನೋಡ್ಕೊಳಮ್ಮ!" ಎಂದು ರೇಗಿದರು. ಆಕೆಯ ಹತ್ತಿರ ಫೋನೇ ಇರಲಿಲ್ಲ. ಮೂರನೆಯ ದಿನ ತಲೆ ಸಿಡಿಯತೊಡಗಿತು. ಮನೆಗೆ ಬಂದು ಪಲ್ಯದಲ್ಲಿ ಉಪ್ಪು ಹೆಚ್ಚೆಂದರು, ಫ್ಯಾನಿನಲ್ಲಿ ಗಾಳಿ ಕಮ್ಮಿಯೆಂದರು, ಗೋಡೆಯ ಕ್ಯಾಲೆಂಡರಿನಲ್ಲಿ ಶುಕ್ರವಾರ ತಪ್ಪಾದ ಜಾಗದಲ್ಲಿದೆ ಎಂದು ಜಗಳ ತೆಗೆದರು. ಕಡೆಗೆ ಕೂಗಾಡುವ ಶಕ್ತಿಯೂ ಇಲ್ಲದೆ ನಡುಮನೆಯಲ್ಲಿ ಗೋಡೆ ನೋಡುತ್ತ ಕೂತರು. ಅವತ್ತು ಸಂಜೆ ಅಡುಗೆಮನೆಯಲ್ಲಿ ತಾಯಿ ಮಗಳು ಬಹಳ ಹೊತ್ತು ಗುಸುಗುಸು ಮಾತಾಡಿಕೊಂಡರು. ತಲೆಗೆ ಬಟ್ಟೆ ಬಿಗಿದು ಮಲಗಿದ್ದ ವೆಂಕಟರಾಯಪ್ಪನವರಿಗೆ ಅದೊಂದೂ ಕೇಳಿಸಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಎಂಟು ಇಪ್ಪತ್ತು.

ಟಿಂಗ್!

ವೆಂಕಟರಾಯಪ್ಪನವರು ಕೂತಲ್ಲಿಂದ ಎದ್ದ ರಭಸಕ್ಕೆ ಹಿಂದೆ ಜೋಡಿಸಿಟ್ಟಿದ್ದ ಇಪ್ಪತ್ತು ತಟ್ಟೆ ಉರುಳಿ ಬೀದಿಯವರೆಗೆ ಓಡಿದವು. ಫೋನಿನಲ್ಲಿ ಬರೆದಿತ್ತು: 'ತ್ರಿವೇಣಿ, ನರಸಾಪುರ. ಮುದ್ದೆ ಕೋಲು, ಒಂದು.'

"ಲೇ ಮುನಿಕೃಷ್ಣಾ! ಬಾರೋ ಇಲ್ಲಿ! ಆನ್‌ಲೈನ್ ಬೋಣಿ ಕಣೋ!"

ಕೋಲಿನ ಬುರುಡೆಯ ಮೇಲೆ ಧಾರಾಳವಾಗಿ ಕುಂಕುಮ ಬಳಿದರು. ಕೊಸರೆಂದು ಒಂದು ಚಮಚ ಸೇರಿಸಿದರು. ಕಾಗದ ಸುತ್ತಿ, ರಟ್ಟಿನ ಡಬ್ಬಕ್ಕೆ ಹಾಕಿ, ಕೊರಿಯರಿನವರ ಕೈಗೆ ಕೊಟ್ಟು ಕೈಮುಗಿದರು. ಆಮೇಲೆ ಒಂದಲ್ಲ, ಎರಡು ಲೋಟ ಕಾಫಿ ಕುಡಿದರು. ಮಧ್ಯಾಹ್ನ ಮನೆಗೆ ಬಂದು ಕ್ಯಾಲೆಂಡರಿನ ಶುಕ್ರವಾರವನ್ನು ಕ್ಷಮಿಸಿದರು.

ಆವತ್ತಿನಿಂದ ನೋಡಿ, ದಿನಾ ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ಗಡಿಯಾರ ಇಟ್ಟ ಹಾಗೆ ಟಿಂಗ್! ಒಂದು ದಿನ ದಿವ್ಯ, ನರಸಾಪುರ. ಇನ್ನೊಂದು ದಿನ ಸುನಂದ, ನರಸಾಪುರ. ದಿನಕ್ಕೊಂದೇ ಕೋಲು, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ. ಭಾನುವಾರ ಮಾತ್ರ ಟಿಂಗ್ ಇಲ್ಲ. ಅವತ್ತು ಅಂಗಡಿಗೂ ರಜೆ, ವ್ರತಕ್ಕೂ ರಜೆ.

"ನರಸಾಪುರದೋರು ಎಂಥಾ ಶಿಸ್ತಿನ ಜನ ನೋಡಮ್ಮ! ನಿಮ್ಮ ಕಂಪನಿ ಇರೋದೂ ಅಲ್ಲೇ ತಾನೆ, ಈ ತ್ರಿವೇಣಿ ಯಾರು ಗೊತ್ತಾ?" ಎಂದು ಮಗಳನ್ನು ಕೇಳಿದರು.

"ಅಲ್ಲಿ ಸಾವಿರಾರು ಜನ ಇದಾರೆ ಅಪ್ಪ. ಯಾರೂಂತ ಹೇಳ್ಲಿ?" ಎಂದು ಅನಿತ ಟಿಫನ್ ಡಬ್ಬಿ ಎತ್ತಿಕೊಂಡು ಬಸ್ಸಿಗೆ ಓಡಿದಳು.

ವೆಂಕಟರಾಯಪ್ಪನವರನ್ನು ಇನ್ನು ಹಿಡಿಯುವವರು ಯಾರು! ಪೇಂಟರನ್ನು ಕರೆಸಿ ಅಂಗಡಿಯ ಬೋರ್ಡಿನ ಕೆಳಗೆ ಹೊಸ ಸಾಲು ಬರೆಸಿದರು: 'ನಮ್ಮ ಶಾಖೆಗಳು: ಶ್ರೀನಿವಾಸಪುರ ಮತ್ತು ಇಂಟರ್‌ನೆಟ್.' ಟೀ ಅಂಗಡಿಯಲ್ಲಿ ಮಾವಿನ ಮಂಡಿಯವರನ್ನು ಕೂರಿಸಿಕೊಂಡು, ಕಾಲ ಬದಲಾಯಿತೆಂದು ಅಳುವವರು ವ್ಯಾಪಾರಿಗಳೇ ಅಲ್ಲವೆಂದು ಉಪನ್ಯಾಸ ಕೊಟ್ಟರು. ಮುನಿಕೃಷ್ಣಪ್ಪನೊಬ್ಬನಿಗೇ ಅನುಮಾನ.

"ಏಮಿ ರಾಯಪ್ಪಾ, ನಂಗೊಂದು ಅರ್ಥ ಆಗ್ತಿಲ್ಲ. ಆ ಏರಿಯಾದಾಗೆ ಎಲ್ಲಾ ಕಂಪನೀಲೂ ಕ್ಯಾಂಟೀನ್ ಐತೆ. ಹೆಣ್ಮಕ್ಳು ದಿನಾ ಒಬ್ಬೊಬ್ರು ಮುದ್ದೆ ಕೋಲು ತಗೊಂಡು ಏನ್ ಮಾಡ್ತಾರೆ?"

"ಹೊಟ್ಟೆಕಿಚ್ಚು ಕಣೋ ನಿಂಗೆ!"

ಇನ್ನೊಂದು ಸೋಜಿಗವೂ ನಡೆಯಿತು. ಹಿಂದೆ ವಾರಕ್ಕೆ ಎರಡು ಕೋಲು ಕೆತ್ತಲು ನೂರು ನೆಪ ಹೇಳುತ್ತಿದ್ದ ಕದಿರಪ್ಪ ಈಗ ಕೇಳಿದ್ದೇ ತಡ, ನಾಲ್ಕೈದು ಕೋಲಿನ ಕಟ್ಟು ತಂದಿಳಿಸುತ್ತಿದ್ದ. ಒಂದು ಸಲ ಅವನು ತಂದ ಹೊಸ ಕೋಲಿನ ಬುರುಡೆಯ ಮೇಲೆ ಕುಂಕುಮದ ಗುರುತು ಕಂಡಿತು.

"ಇದೇನೋ ಕದಿರಪ್ಪ, ಕುಂಕುಮ?"

ಕದಿರಪ್ಪನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. "ಅದು... ಮರಕ್ಕೆ ಪೂಜೆ ಮಾಡೇ ಕೆತ್ತೋದಲ್ವಾ ಸ್ವಾಮಿ..."

ವೆಂಕಟರಾಯಪ್ಪನವರ ಕಣ್ಣು ತೇವವಾಯಿತು. ಕೆಲಸಗಾರ ಅಂದರೆ ಇವನು! ಅವನಿಗೆ ತಮ್ಮ ಫ್ಲಾಸ್ಕಿನಿಂದಲೇ ಕಾಫಿ ಬಗ್ಗಿಸಿ ಕೊಟ್ಟರು.

ಹೀಗಿರುವಾಗ ಒಂದು ದಿನ ಹನ್ನೊಂದು ಗಂಟೆಗೆ ಫೋನು ಬಂತು. ಟಿಂಗ್ ಅಲ್ಲ, ನಿಜವಾದ ಕರೆ.

"ಸೆಲ್ಲರ್ ವೆಂಕಟರಾಯಪ್ಪ? ನಾನು ನರಸಾಪುರ ಕಂಪನಿ ಸೆಕ್ಯುರಿಟಿ ಆಫೀಸರ್. ನಿಮ್ಮ ಮಾಲು ಹನ್ನೊಂದು ಪೀಸ್ ನಮ್ಮ ಗೇಟಿನಲ್ಲಿ ಇದೆ. ತಕ್ಷಣ ಬನ್ನಿ. ದೊಡ್ಡವರು ಮಾತಾಡಬೇಕು ಅಂತಿದ್ದಾರೆ."

ಮಾತಾಡಬೇಕು! ದೊಡ್ಡವರು! ವೆಂಕಟರಾಯಪ್ಪನವರಿಗೆ ಭೂಮಿಯ ಮೇಲೆ ಕಾಲೇ ನಿಲ್ಲಲಿಲ್ಲ.

"ಮುನಿಕೃಷ್ಣಾ, ಅಂಗಡಿ ಬಾಗ್ಲು ಹಾಕೋ! ಕಂಪನಿಯೋರೇ ಕರೀತಿದಾರೆ. ಲಾಟಲ್ಲಿ ತಗೊಳ್ಳೋಕೆ ಇರ್ಬೇಕು. ನೀನೇ ಬಂದು ಕಣ್ಣಾರೆ ನೋಡ್ಕೋ. ಆಮೇಲೆ ನಾನು ಹೇಳಿದ್ದು ಸುಳ್ಳು ಅನ್ಬಾರ್ದು."

ಜರಿಯಂಚಿನ ಪಂಚೆ ಉಟ್ಟು, ಶಲ್ಯ ಹೊದ್ದು, ಮುನಿಕೃಷ್ಣಪ್ಪನನ್ನು ಸಾಕ್ಷಿಗೆಂದು ಎಳೆದುಕೊಂಡು ಕೋಲಾರದ ಬಸ್ಸು ಹತ್ತಿದರು. ಕೋಲಾರ ಬರುವಷ್ಟರಲ್ಲಿ ಅವರ ಕೋಲು ಕಂಪನಿಯ ಎಲ್ಲ ಶಾಖೆಗಳಿಗೂ ಹೋಗಿತ್ತು. ನರಸಾಪುರ ಬರುವಷ್ಟರಲ್ಲಿ ಜಪಾನಿನವರು ಮುದ್ದೆ ತಿರುವಲು ಕಲಿತಾಗಿತ್ತು. ಕಂಪನಿಯ ಹೆಸರನ್ನು ಗೇಟಿನ ಮೇಲೆ ಓದಿದಾಗ ಅದು ಅನಿತ ಕೆಲಸ ಮಾಡುವ ಕಂಪನಿಯೇ ಎಂದು ಗೊತ್ತಾಯಿತು. ಮಗಳ ಎದುರಿಗೇ ತಮ್ಮ ಸನ್ಮಾನವಾಗಲಿದೆ ಎಂದು ಅವರು ಶಲ್ಯ ಸರಿಮಾಡಿಕೊಂಡರು.

ಗೇಟಿನ ಪಕ್ಕದ ಕೋಣೆಯ ಮೇಜಿನ ಮೇಲೆ ಹನ್ನೊಂದು ಮುದ್ದೆ ಕೋಲು ಸಾಲಾಗಿ ಮಲಗಿದ್ದವು. ಹನ್ನೊಂದರ ತಲೆಯೂ ಕೆಂಪಗಿತ್ತು. ಆಚೆ ಬದಿಯಲ್ಲಿ ನಿಂತಿದ್ದ ಸೆಕ್ಯುರಿಟಿ ಆಫೀಸರು ಮಿಲಿಟರಿಯಿಂದ ನಿವೃತ್ತರಾದವರು. ಉತ್ತರ ಭಾರತದ ಕಡೆಯವರು. ಎದೆಯುಬ್ಬಿಸಿ, ಕನ್ನಡವನ್ನು ಕವಾಯತು ಮಾಡಿಸುತ್ತ ಮಾತಾಡಿದರು.

"ಕೊರಿಯರಿನವರಿಗೆ ಹಬ್ಬದ ರಜೆ ಇತ್ತು. ಎಲ್ಲಾ ಪಾರ್ಸೆಲ್ ಮಾಲೂರು ಗೋಡೌನಿನಲ್ಲಿ ನಿಂತಿತ್ತು. ಇವತ್ತು ಒಟ್ಟಿಗೆ ಬಂತು. ನೋಡಿ. ಹನ್ನೊಂದು ಲೇಡೀಸ್. ಒಂದೇ ದಿನ. ಒಂದೇ ತರಹ ಲಾಠಿ. ತುದಿಯಲ್ಲಿ ಕೆಂಪು. ಇದು ಏನು ಪ್ಲಾನ್?"

"ಲಾಠಿ ಅಲ್ಲ ಸ್ವಾಮಿ, ಮುದ್ದೆ ಕೋಲು! ಕೆಂಪಗಿರೋದು ಕುಂಕುಮ!"

ಆಫೀಸರು ತಮ್ಮ ಫೋನನ್ನು ಎತ್ತಿ ಹಿಡಿದರು. ಅದರಲ್ಲಿ ಮೀಸೆ ತಿರುವಿ ಹೆಗಲ ಮೇಲೆ ದೊಣ್ಣೆ ಹೊತ್ತ ಉಗ್ರ ಪುರುಷನೊಬ್ಬನಿದ್ದ.

"ಇದು ನೀವು?"

"ನಾನೇ," ಎಂದರು ವೆಂಕಟರಾಯಪ್ಪನವರು ಹೆಮ್ಮೆಯಿಂದ.

"'ಗಟ್ಟಿ ಏಟಿಗೆ ಹೇಳಿ ಮಾಡಿಸಿದ್ದು. ಎಂಥದ್ದೇ ಇರಲಿ, ಪುಡಿ ಪುಡಿ.' ಇದು ನೀವು ಬರೆದದ್ದು?"

"ನಾನೇ..." ಎಂದರು. ಈ ಸಲ ಹೆಮ್ಮೆ ಸ್ವಲ್ಪ ಇಳಿದಿತ್ತು. ಪಕ್ಕದಲ್ಲಿದ್ದ ಮುನಿಕೃಷ್ಣಪ್ಪ ಮೆಲ್ಲಗೆ ಎರಡು ಹೆಜ್ಜೆ ಸರಿದು, ತಾನು ಇವರ ಜೊತೆ ಬಂದವನಲ್ಲ ಎಂಬಂತೆ ಕಿಟಕಿಯ ಹೊರಗೆ ನೋಡತೊಡಗಿದ.

"ಅಡುಗೆ ಸಾಮಾನು ಅಂದರೆ ಅಡುಗೆ ಮಾಡಿ ತೋರಿಸಿ. ಕ್ಯಾಂಟೀನಿಗೆ ನಡೀರಿ."

ವೆಂಕಟರಾಯಪ್ಪನವರು ಮೂವತ್ತನಾಲ್ಕು ವರ್ಷದಿಂದ ಮುದ್ದೆ ಕೋಲು ಮಾರಿದ್ದರು, ಅದಕ್ಕೂ ಮೊದಲಿನಿಂದ ಮುದ್ದೆ ತಿಂದಿದ್ದರು. ಆದರೆ ಕೋಲಿಗೂ ಮುದ್ದೆಗೂ ನಡುವೆ ಏನು ನಡೆಯುತ್ತದೆ ಎಂಬುದು ಅವರು ಕಾಲಿಡದ ಲೋಕ. ಅದು ಭಾರತಮ್ಮನ ರಾಜ್ಯ!

ಕ್ಯಾಂಟೀನಿನ ಅಡುಗೆಯ ಮುಖ್ಯಸ್ಥೆ ಆಂಜಿನಮ್ಮ ಒಂದು ಪಾತ್ರೆಯಲ್ಲಿ ಹಿಟ್ಟು ಕುದಿಸಿಕೊಟ್ಟರು. ಊಟದ ಹೊತ್ತಾದ್ದರಿಂದ ನೂರಾರು ಜನ ಸುತ್ತ ನೆರೆದರು. ವೆಂಕಟರಾಯಪ್ಪನವರು ದೇವರನ್ನು ನೆನೆದು, ಶಲ್ಯ ಸೊಂಟಕ್ಕೆ ಬಿಗಿದು, ಕೋಲನ್ನು ಪಾತ್ರೆಗಿಳಿಸಿ ಬಾವಿಯಲ್ಲಿ ಬಿದ್ದ ಬಿಂದಿಗೆ ಹುಡುಕುವವರಂತೆ ಕಲಕಿದರು. ಒಂದು ಸುತ್ತಿಗೆ ಹಿಟ್ಟು ಗಂಟಾಯಿತು. ಎರಡನೆಯ ಸುತ್ತಿಗೆ ಪಾತ್ರೆಯೂ ಕೋಲಿನ ಜೊತೆ ತಿರುಗತೊಡಗಿತು. ಮೂರನೆಯ ಸುತ್ತಿಗೆ ಬಿಸಿ ಹಿಟ್ಟಿನ ಒಂದು ಉಂಡೆ ಹಾರಿ, ಕಾಶ್ಮೀರದ ತನಕ ಪಣಕ್ಕಿಟ್ಟಿದ್ದ ಅವರ ಮೀಸೆಯ ಎಡಭಾಗಕ್ಕೆ ಅಂಟಿಕೊಂಡಿತು!

"ಅಯ್ಯೋ, ಬಿಡಿ ಸ್ವಾಮಿ, ಸುಟ್ಕೊಂಡೀರ!" ಎಂದು ಆಂಜಿನಮ್ಮ ಕೋಲು ಕಿತ್ತುಕೊಂಡರು. ಕವೆಗೋಲಿನಿಂದ ಪಾತ್ರೆಯನ್ನು ಒತ್ತಿ ಹಿಡಿದು, ಆ ಕಡೆ ನಾಲ್ಕು, ಈ ಕಡೆ ನಾಲ್ಕು ತಿರುವಿದರು. ಗಂಟೆಲ್ಲ ಕರಗಿ ಹಿಟ್ಟು ನುಣ್ಣಗಾಯಿತು. ಕೈ ಒದ್ದೆ ಮಾಡಿಕೊಂಡು ಒಂದು ದುಂಡನೆಯ ಮುದ್ದೆ ಕಟ್ಟಿ ಆಫೀಸರ ಮುಂದಿಟ್ಟರು.

"ಕೋಲು ಬಾಳ ಚೆನ್ನಾಗೈತೆ ಸಾರ್. ಕೈಗೆ ಒಗ್ಗುತ್ತೆ."

ಆಫೀಸರು ಮುದ್ದೆಯನ್ನೂ ಕೋಲನ್ನೂ ನೋಡಿದರು. ಮುಖ ಸಡಿಲಾಯಿತು. ಆದರೆ ಅವರದು ತನಿಖೆಯ ತಲೆ. ಪಕ್ಕದಲ್ಲಿ ಸಾಲಾಗಿ ನಿಂತಿದ್ದ ಹನ್ನೊಂದು ಹೆಣ್ಣುಮಕ್ಕಳ ಕಡೆ ತಿರುಗಿದರು.

"ಸರಿ. ಆದರೆ ನೀವು ದಿನಾ ಇಲ್ಲೇ ಊಟ ಮಾಡುತ್ತೀರಿ. ಹನ್ನೊಂದು ಜನರಿಗೆ ಹನ್ನೊಂದು ಕೋಲು ಯಾಕೆ?"

ಹುಡುಗಿಯರು ನೆಲ ನೋಡಿದರು. ತ್ರಿವೇಣಿ ಎಂಬಾಕೆ ತಡೆಯಲಾರದೆ ಬಾಯಿಬಿಟ್ಟಳು.

"ಸಾರ್, ನಮ್ಗೆ ಬೇಡ ಸಾರ್ ಇದು. ನಮ್ಮ ಅನಿತ ಅವ್ರಮ್ಮ ತರಿಸಿದ್ದು. ಬಸ್ಸಲ್ಲಿ ಬರುವಾಗ ದಿನಾ ಒಬ್ಬೊಬ್ರ ಫೋನಲ್ಲಿ ಆರ್ಡರ್ ಹಾಕೋದು, ಬಂದ್ಮೇಲೆ ಅನಿತ ಮನೆಗೆ ತಗೊಂಡೋಗೋದು. ದುಡ್ಡೂ ಅವ್ರಮ್ಮನೇ ಕೊಡ್ತಾರೆ. ಅವ್ರಪ್ಪ ಬೋಣಿ ಆಗ್ದೆ ಕಾಫಿ ಕುಡಿಯಲ್ವಂತೆ. ಕಾಫಿ ಕುಡೀದಿದ್ರೆ ಮನೇಲಿ ಯಾರೂ ಬದುಕೋ ಹಂಗಿಲ್ವಂತೆ!"

ಕಂಬದ ಹಿಂದೆ ಅನಿತಳ ಚೂಡಿದಾರದ ಅಂಚು ಕಂಡಿತು. ವೆಂಕಟರಾಯಪ್ಪನವರ ಮೀಸೆಯಿಂದ ಹಿಟ್ಟಿನ ಉಂಡೆ ಕಳಚಿ ಕೆಳಗೆ ಬಿತ್ತು. ಅವರಿಗೆ ಕೋಪ ಬರಲಿಲ್ಲ. ಅಳು ಬಂದಿತ್ತು, ಅದನ್ನು ನುಂಗಿಕೊಂಡರು.

ಮುನಿಕೃಷ್ಣಪ್ಪನ ದೊಡ್ಡತನ ಮೆಚ್ಚಬೇಕು. ಅಲ್ಲಿ ಅವನು ನಗಲಿಲ್ಲ, ಬಸ್ಸು ಹತ್ತುವ ತನಕ ತಡೆದುಕೊಂಡ. ಬಸ್ಸಿನಲ್ಲಿ ಕೋಲಾರದವರೆಗೆ ನಕ್ಕ. ಕೋಲಾರದಲ್ಲಿ ಇಳಿದು ಬೇರೆ ಬಸ್ಸು ಹತ್ತಿ ಶ್ರೀನಿವಾಸಪುರದವರೆಗೆ ಉಳಿದದ್ದನ್ನು ನಕ್ಕ.

ಮನೆಗೆ ಬಂದ ವೆಂಕಟರಾಯಪ್ಪನವರು ಶಲ್ಯ ಬಿಚ್ಚಿ ಮೊಳೆಗೆ ಹಾಕಿದರು.

"ಭಾರತಿ, ನಾನು ಇಲ್ಲೀವರ್ಗೂ ನಲವತ್ತೆರಡು ಕೋಲು ಮಾರಿದೀನಿ. ಬಂದ ಕೋಲೆಲ್ಲಾ ಎಲ್ಲಿಟ್ಟಿದೀಯ?"

ಭಾರತಮ್ಮನಿಗೆ ಎಲ್ಲ ಗೊತ್ತಾಗಿತ್ತು. ಅನಿತ ಆಗಲೇ ಫೋನು ಮಾಡಿದ್ದಳು. ಸೆರಗಿನಿಂದ ಕೈ ಒರೆಸಿಕೊಂಡು ಬಂದು ನಿಂತರು.

"ಎಲ್ಲೂ ಇಟ್ಟಿಲ್ಲ. ಕದಿರಪ್ಪನಿಗೆ ಕೊಡ್ತಿದ್ದೆ. ಅವ್ನು ಮರಳುಕಾಗದದಲ್ಲಿ ಉಜ್ಜಿ ತಿರ್ಗಾ ನಿಮ್ಗೇ ತಂದ್ಕೊಡ್ತಿದ್ದ. ದಿನಕ್ಕೊಂದು ಎಲ್ಲಿಂದ ಕೆತ್ತಾನು ಪಾಪ?"

"ಹಂಗಾದ್ರೆ ಒಟ್ಟು ಎಷ್ಟು ಕೋಲು?"

"ಹದಿನೈದು."

"ಹದಿನೈದಾ!"

"ಅವೇ ಸುತ್ತಾಡ್ಕೊಂಡಿದ್ವು. ಶ್ರೀನಿವಾಸಪುರ, ಮಾಲೂರು, ನರಸಾಪುರ, ಹೋಳೂರು. ಒಂದೊಂದು ಕೋಲು ಮೂರ್ಮೂರು ಸಲ ಊರು ನೋಡ್ಕೊಂಡು ಬಂದೈತೆ. ನನ್ನ ಮದ್ವೆಯಾಗಿ ಇಷ್ಟು ವರ್ಷಕ್ಕೆ ನೀವು ನನ್ನ ಮಾಲೂರಿಗೂ ಕರ್ಕೊಂಡೋಗಿಲ್ಲ!"

ವೆಂಕಟರಾಯಪ್ಪನವರು ಗೋಡೆಗೆ ಒರಗಿ ಕೂತರು. ಬೋರ್ಡಿನ ಮೇಲಿನ ಇಂಟರ್‌ನೆಟ್ ಶಾಖೆ ಕಣ್ಣ ಮುಂದೆ ಬಂತು. "ಯಾಕೇ ಹಿಂಗ್ ಮಾಡ್ದೆ? ಹೇಳಿದ್ರೆ ನಾನೇ ಕಾಫಿ ಕುಡೀತಿರ್ಲಿಲ್ವಾ?"

"ಕಾಫಿಗಲ್ಲ ರೀ. ನೀವು ಕೂಗಾಡಿದ್ರೆ ನಂಗೇನೂ ಅನ್ಸಲ್ಲ, ಅಭ್ಯಾಸ ಆಗೋಗೈತೆ. ಅವತ್ತು ನೀವು ಕೂಗಾಡೋದು ಬಿಟ್ಟು ಇಲ್ಲೇ ಕೂತ್ಕೊಂಡು 'ಊರಿಗೆ ನಾನು ಬೇಡ್ವಾ' ಅಂತ ಗೋಡೆಗೆ ಹೇಳ್ತಿದ್ರಿ. ನಾನು ಒಳಗಿಂದ ಕೇಳಿಸ್ಕೊಂಡೆ. ತಡ್ಯಕ್ಕಾಗ್ಲಿಲ್ಲ." ಭಾರತಮ್ಮ ಮೊಳೆಯ ಮೇಲಿನ ಶಲ್ಯ ತೆಗೆದು ಮಡಚತೊಡಗಿದರು. "ಮೂವತ್ತನಾಲ್ಕು ವರ್ಷ ಊರೋರು ನಿಮ್ಗೆ ಬೋಣಿ ಮಾಡಿದ್ರು. ನಾಲ್ಕು ದಿನ ನಾನು ಮಾಡಿದ್ರೆ ಏನ್ ತಪ್ಪು?"

ಮಾರನೆಯ ದಿನ ಬೆಳಿಗ್ಗೆ ವೆಂಕಟರಾಯಪ್ಪನವರು ಅಂಗಡಿಗೆ ಹೊರಡುವ ಮೊದಲೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಲೋಟ ಚಾಚಿದರು. ಬೋಣಿಯಿಲ್ಲ, ಕುಂಕುಮವಿಲ್ಲ, ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಬರೀ ಕಾಫಿ! ಭಾರತಮ್ಮ ಲೋಟದ ತುಂಬ ಬಗ್ಗಿಸಿಕೊಟ್ಟರು. ಅವತ್ತು ಅನಿತ ಕೆಲಸಕ್ಕೆ ರಜೆ ಹಾಕಿದ್ದಳು. ಅಪ್ಪನ ಜೊತೆ ಅಂಗಡಿಗೆ ಬಂದು ಆನ್‌ಲೈನ್ ಅಂಗಡಿಯನ್ನು ಮುಚ್ಚಿಬಿಡೋಣ ಎಂದು ಫೋನು ಕೈಗೆತ್ತಿಕೊಂಡಳು.

ಟಿಂಗ್!

"ಇನ್ನೂ ಸಾಕಾಗಿಲ್ವೇನಮ್ಮ ನಿಮ್ಗೆ?" ಎಂದರು ವೆಂಕಟರಾಯಪ್ಪನವರು ಸೋತ ದನಿಯಲ್ಲಿ.

"ನಾನಲ್ಲ ಅಪ್ಪ! ಅಮ್ಮನೂ ಅಲ್ಲ, ದೇವ್ರಾಣೆ!" ಅನಿತ ಕಣ್ಣರಳಿಸಿದಳು. "ಕ್ಯಾಂಟೀನಿನ ಆಂಜಿನಮ್ಮ! ಐವತ್ತು ಕೋಲು! ಅವ್ರ ಕಂಟ್ರಾಕ್ಟರಿಗೆ ಐದಾರು ಕ್ಯಾಂಟೀನ್ ಐತಂತೆ, ಎಲ್ಲಾದಕ್ಕೂ ಬೇಕಂತೆ!"

ವೆಂಕಟರಾಯಪ್ಪನವರು ಫೋನು ಕಿತ್ತುಕೊಂಡು ಮೂರು ಸಲ ನೋಡಿದರು. ಐವತ್ತು! ಬಗ್ಗಿದ್ದ ಬೆನ್ನು ನೆಟ್ಟಗಾಯಿತು. ಎರಡೂ ಕೈ ಮೀಸೆಗೆ ಹೋದವು.

"ಲೇ ಮುನಿಕೃಷ್ಣಾ! ಬಾರೋ ಇಲ್ಲಿ! ನಕ್ಕಿದ್ದು ಸಾಕು, ಈಗ ನೋಡು! ನಿನ್ನೆ ನಾನು ಕೋಲು ತಿರುವಿದ್ದು ನೋಡಿ ಬೆರಗಾಗೋಗಿದಾರೆ ಕಣೋ. ಯಾಪಾರ ಅಂದ್ರೆ ಇದು! ಮಾಲು ಮಾತಾಡ್ಬಾರ್ದು, ಮಾರೋನ ಮುಖ ಮಾತಾಡ್ಬೇಕು!"

ಮುನಿಕೃಷ್ಣಪ್ಪ ಓಡಿಬಂದ. ಟೀ ಅಂಗಡಿಯ ನಾಲ್ಕು ಜನವೂ ಬಂದರು.

"ಅಪ್ಪ," ಎಂದಳು ಅನಿತ ಮೆಲ್ಲಗೆ, "ಅವ್ರು ಯಾಕೆ ಆರ್ಡರ್ ಮಾಡಿದ್ರು ಅಂತಾನೂ ಬರೆದಿದಾರೆ. ಕಂಟ್ರಾಕ್ಟರು ಒಪ್ಪಿದ್ದು ಆ್ಯಪಿನಲ್ಲಿರೋ ರಿವ್ಯೂ ಓದಿ ಅಂತೆ. ಬಾಳ ದಿನ ಬಳಸಿದೋರು ನಿಜಾನೇ ಬರೆದಿದಾರೆ ಅನ್ನಿಸ್ತಂತೆ."

"ಮತ್ತೆ! ಗಿರಾಕಿಗಳು ಸುಮ್ನೆ ಹೊಗಳ್ತಾರಾ? ಓದು, ಜೋರಾಗಿ ಓದು, ಎಲ್ರಿಗೂ ಕೇಳಿಸ್ಲಿ!"

"ಬೇಡ ಅಪ್ಪ. ಅದು ಅಮ್ಮ ಹೇಳಿದ್ದು, ತ್ರಿವೇಣಿ ಫೋನಲ್ಲಿ ನಾನು ಬರೆದಿದ್ದು..."

"ಯಾರು ಹೇಳಿದ್ರೇನು? ಓದು ಅಂದೆ!"

ಅನಿತ ಗಂಟಲು ಸರಿಮಾಡಿಕೊಂಡು ಓದಿದಳು:

"'ಕೋಲು ಗಟ್ಟಿ. ಮುದ್ದೆ ಗಂಟಾಗಲ್ಲ. ಎಷ್ಟು ಊರು ಸುತ್ತಿದರೂ ಸವೆಯಲ್ಲ. ಮಾರೋರನ್ನ ಮಾತ್ರ ಕಾಫಿ ಕುಡಿಯೋವರೆಗೂ ಮಾತಾಡಿಸೋ ಹಾಗಿಲ್ಲ. ಕೋಲಿಗೆ ಐದು ಸ್ಟಾರ್. ಮಾರೋರಿಗೆ ಒಂದು, ಅದೂ ಕೊಸರು.'"